ತೊಟ್ಟಿಲು ಕಟ್ಟದ ಕೂಸು

ಕಲ್ಲೋಳಿಯ ಪಾರವ್ವ ಏಳು ತಿಂಗಳಿಗೇ ಹೆತ್ತಳು. ಕೂಸು ಮೂರೂವರೆ ಪೌಂಡು. ಘಟಪ್ರಭಾದ ದವಾಖಾನೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು ಮನೆಗೆ ಕಳಿಸಿದರು.

ಅತ್ತೆ ಚನ್ನವ್ವ ತೊಟ್ಟಿಲು ಕಟ್ಟಲಿಲ್ಲ. "ಮೈ ತುಂಬಲಿ, ಆಮ್ಯಾಲ ಹೆಸರಿಡೂಣು," ಎಂದಳು. ಹಿಂದಿನ ಕೂಸಿಗೆ ಹದಿಮೂರನೇ ದಿನವೇ ಹೆಸರಿಟ್ಟಿದ್ದರು. ಅದು ನಾಯಿಕೆಮ್ಮಿನಿಂದ ಹೋಯಿತು, ಹೆಸರು ಉಳಿಯಿತು.

ಈ ಕೂಸನ್ನು ನೋಡಲು ಯಾರೂ ಬರಲಿಲ್ಲ. ಗಂಡ ವೀರಪ್ಪ ಗೋಕಾಕದ ಗಿರಣಿಯಿಂದ ವಾರಕ್ಕೊಮ್ಮೆ ಬಂದರೂ ಹೊಸ್ತಿಲಲ್ಲೇ ನಿಂತು ನೋಡಿ ಹೋಗುತ್ತಿದ್ದ. ಒಳಕೋಣೆಯಲ್ಲಿ ಹತ್ತಿ ಹಾಸಿದ ಬುಟ್ಟಿ, ಅದರ ಪಕ್ಕ ಪಾರವ್ವ. ಅಷ್ಟೇ.

ಕೂಸಿಗೆ ಮೂರು ತಿಂಗಳು ತುಂಬಿದಾಗ ಬಾಜೂಮನೆಯ ಹುಡುಗಿಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ, ಕೊನೆಗೆ ಉಸಿರೆಳೆಯುವ ಸದ್ದು. ಗೋಡೆಯ ಈಚೆ ಕುಳಿತ ಪಾರವ್ವನಿಗೆ ಆ ಸದ್ದು ಗೊತ್ತಿತ್ತು.

ನಾಯಿಕೆಮ್ಮು ಬರದಂತೆ ತಡೆಯುವ ಸೂಜಿ ಊರಿಗೆ ಆಗ ಹೊಸದು. ನರ್ಸಬಾಯಿ ಸೀತವ್ವ ಅಂದೇ ಮನೆಗೆ ಬಂದರು. "ನಾಳಿ ಕೂಸಿನ್ನ ದವಾಖಾನಿಗೆ ಕರಕೊಂಡ ಬರ್ರಿ, ಸೂಜಿ ಮಾಡೋದೈತಿ."

"ಏನ್ರಿ ಬಾಯಿ, ನಿಮ್ಮ ಸೂಜೀನ ಕೂಸಿಗಿಂತ ದೊಡ್ಡದೈತಿ!" ಎಂದಳು ಚನ್ನವ್ವ. "ಹೊಟ್ಟ್ಯಾಗ ಇರಬೇಕಾದ ಎರಡ ತಿಂಗಳಾನೂ ವಯಸ್ಸಿನ ಲೆಕ್ಕಕ್ಕ ಹಿಡೀತೀರೇನು?"

"ಹಿಡೀತೇವ್ರಿ ಅಮ್ಮಾ. ಭೂಮಿಗೆ ಬಿದ್ದ ದಿನದಿಂದನ ಎಣಸೋದು. ತೊಟ್ಟಲಾ ಕಟ್ಟಿಲ್ಲಂತ ಕೆಮ್ಮು ಬಾಗಲಾಗ ನಿಂದರತೈತೇನು? ಸಣ್ಣ ಕೂಸಿಗೇ ಅದು ಭಾಳ ಕೆಟ್ಟದ್ದು."

"ಹಂಗಾರ ಅರ್ಧಾ ಮಾಡ್ರಿ."

"ಅರ್ಧಾ ಮಾಡಿದ್ರ ಕೂಸಿನ್ನ ಕಾಯೂದಿಲ್ಲ. ಮದಲ ಡಾಕ್ಟರ ನೋಡ್ತಾರ. ಜ್ವರ ಇಲ್ಲ, ಮೊಲಿ ಕುಡೀತೈತಿ, ಉಸರು ಸರಿ ಐತಿ ಅಂದ್ರನ ಮಾಡೋದು. ಆಮ್ಯಾಲ ಅರ್ಧಾ ತಾಸು ಅಲ್ಲೇ ಕುಂಡರ್ರಿ. ಸಂಜೀಕ ಮೈ ಸ್ವಲ್ಪ ಕಾದೀತು, ಮೊಲಿ ಮಾತ್ರ ಬಿಡಸಬ್ಯಾಡ್ರಿ. ಮುಂದ ಇನ್ನೂ ಎರಡ ಸಲ ಬರಬೇಕು."

ಸೀತವ್ವ ಚೀಟಿ ತೆಗೆದರು. "ಕೂಸಿನ ಹೆಸರೇನ್ರಿ?"

ಗೋಡೆಯಾಚೆ ಕೆಮ್ಮು ಮತ್ತೆ ಶುರುವಾಯಿತು.

"ರಾಚಪ್ಪ," ಎಂದಳು ಪಾರವ್ವ ಒಳಗಿನಿಂದ.

"ಯಾವಾಗ ಇಟ್ಟಿ?"

"ಬುಟ್ಟ್ಯಾಗ ಮಲಗಿಸಿದ ದಿನಾನ ಇಟ್ಟೇನ್ರಿ, ಅತ್ತಿ."

"ನನಗ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ."

ಚನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಬರಕೋರಿ, ಬಾಯಿ. ನಾಳಿ ನಾನ ಎತ್ಕೊಂಡ ಬರ್ತೇನಿ."

ಸೂಜಿ ಮಾಡಿಸಿದ ಸಂಜೆ ಕೂಸಿನ ಮೈ ಸ್ವಲ್ಪ ಬಿಸಿಯಾಯಿತು. ಬೆಳಗಾಗುವಷ್ಟರಲ್ಲಿ ಇಳಿಯಿತು. ಅಂದೇ ಚನ್ನವ್ವ ತೊಲೆಗೆ ತೊಟ್ಟಿಲು ಕಟ್ಟಿದಳು.

ತಾಯಂದಿರೇ, ಅತ್ತೆಯರೇ, ದಿನ ತುಂಬದೆ ಬಂದ ಕೂಸಿಗೆ ಮೈ ತುಂಬಲೆಂದು ಕಾಯಬೇಡಿ. ಡಾಕ್ಟರಿಗೆ ತೋರಿಸಿ, ಅವರು ಹೇಳಿದ ದಿನವೇ ಪೂರ್ತಿ ಸೂಜಿ ಮಾಡಿಸಿ. ನಿಮ್ಮ ಓಣಿಯಲ್ಲಿ ಅಂಥ ಕೂಸಿನೊಂದಿಗೆ ಒಬ್ಬಳೇ ಕುಳಿತ ತಾಯಿ ಇದ್ದರೆ, ಇಂದೇ ಹೋಗಿ ಕೂಸಿನ ಹೆಸರು ಕೇಳಿ.