ಗರಡಿಯ ಖಲೀಫ

ಕುಂದಲಹಳ್ಳಿಯ ವೆಂಕಟಪ್ಪ ಹರೆಯದಲ್ಲಿ ಕುಸ್ತಿ ಕಲಿತದ್ದು ಊರವರೆಲ್ಲ ಖಲೀಫ ಎಂದು ಕರೆಯುತ್ತಿದ್ದ ಉಸ್ತಾದರ ಗರಡಿಯಲ್ಲಿ. ಆ ಜಾಗದಲ್ಲೀಗ ಗಾಜಿನ ಆಫೀಸು ನಿಂತಿದೆ. ಆದರೂ ಅದರ ಮುಂದೆ ಹಾದಾಗಲೆಲ್ಲ ಎಣ್ಣೆ ಬೆರೆಸಿದ ಕೆಮ್ಮಣ್ಣಿನ ವಾಸನೆ ಬಂದಂತಾಗುತ್ತಿತ್ತು ಅವನಿಗೆ.

ಒಂದು ಸಂಜೆ ಅಲ್ಲಿಯ ಬಸ್‌ಸ್ಟಾಪಿನಲ್ಲಿ ಉಸ್ತಾದರ ಮಗಳು ಜುಲೇಖಾ ಸಿಕ್ಕರು. ಉರ್ದು ಶಾಲೆಯಲ್ಲಿ ಟೀಚರಾಗಿದ್ದವರು. ಹಳೆಯದನ್ನೆಲ್ಲ ಮಾತಾಡುತ್ತಾ ವೆಂಕಟಪ್ಪ ಕೇಳಿದ: "ಅಲ್ಲಮ್ಮ, ಖಲೀಫ ಅಂದ್ರೆ ದೊಡ್ಡ ಪೈಲ್ವಾನ ಅಂತ ತಾನೆ?"

"ಅಲ್ಲಣ್ಣ, ಅರಬ್ಬಿಯಲ್ಲಿ ಹಿಂದೆ ಬರೋನು ಅಂತ. ಪ್ರವಾದಿಗಳು ತೀರಿಕೊಂಡ ಮೇಲೆ ಜನರನ್ನ ನಡೆಸಿದೋರಿಗೆ ಆ ಹೆಸರು ಬಂತು. ಆಮೇಲೆ ಗುರುವಿನ ಜಾಗದಲ್ಲಿ ಕೂತ ಶಿಷ್ಯಂಗೂ ಅದನ್ನೇ ಅಂದ್ರು. ಅಬ್ಬಾಗೆ ಅವರ ಉಸ್ತಾದರು ಕೊಟ್ಟಿದ್ದು."

ವೆಂಕಟಪ್ಪ ಗಾಜಿನ ಆಫೀಸಿನ ಕಡೆ ತಿರುಗಿ ನೋಡಿದ. "ಅಂಗಾದ್ರೆ ನಮ್ ಉಸ್ತಾದ್ರ ಹಿಂದೆ ಯಾರೂ ಬರ್ಲಿಲ್ವಲ್ಲಮ್ಮ."

"ಬರೋದಾಗಿದ್ರೆ ನೀವೇ ಬರ್ಬೇಕಿತ್ತು ಅಂತ ಅಬ್ಬಾ ಅಂತಿದ್ರು," ಎಂದರು ಜುಲೇಖಾ, ಮೆತ್ತಗೆ.

ಮರುದಿನ ಬೆಳಿಗ್ಗೆ ವೆಂಕಟಪ್ಪ ತಾರಸಿಯ ಮೇಲೆ ತೊಡೆ ತಟ್ಟಿ ಬಸ್ಕಿ ಹೊಡೆಯಲು ಕೂತ. ಏಳುವಾಗ ಮಂಡಿ ಕೈಕೊಟ್ಟಿತು. ಹೆಂಡತಿ ಚಿಕ್ಕಮುನಿಯಮ್ಮ ರಟ್ಟೆ ಹಿಡಿದು ಎಬ್ಬಿಸುತ್ತಾ, "ಈ ವಯಸ್ನಾಗೆ ಇದೇನು ನಿಂದು?" ಎಂದಳು.

"ಉಸ್ತಾದ್ರು ನೆನಪಾದ್ರು ಕಣೆ," ಎಂದು ನಕ್ಕ ಅವನು, ಮತ್ತೊಮ್ಮೆ ಕೂರಲು ಗೋಡೆ ಹಿಡಿದುಕೊಂಡ.