ಮುಂದಿನ್ ಮೀಟಿಂಗಗೆ ಕಾಂಬ

"ಏ ಬೇವರ್ಸಿ, ಜಗ್ಲಿ ಮೇಲ್ ಕುಂಡಿ ಇಟ್ಯಾ? ಇಳಿ ಕೆಳಗೆ!"

ಬಚ್ಚ ದಡಬಡಿಸಿ ಅಂಗಳಕ್ಕಿಳಿದ. ಕೂತಿರಲಿಲ್ಲ ಅವನು. ಕಾಲಿಗೆ ಮುಳ್ಳು ಚುಚ್ಚಿತ್ತು, ಕಿತ್ತುಕೊಳ್ಳಲು ಪಂಚಾಯ್ತಿ ಕಟ್ಟಡದ ಜಗಲಿಗೆ ಒರಗಿದ್ದನಷ್ಟೆ. ಅಧ್ಯಕ್ಷ ಚಂದಯ್ಯ ಹೆಗ್ಡೆಯವರ ಕಣ್ಣಿಗೆ ಒರಗಿದ್ದೂ ಕೂತ ಹಾಗೆಯೇ ಕಂಡಿತು.

ಈ ಬಚ್ಚ ಹಡಿಬೈಲು ಪಂಚಾಯ್ತಿಯ ಮೆಂಬರು. ಕೊರಗರ ಕೇರಿಯಿಂದ ಒಬ್ಬ ಬೇಕೇ ಬೇಕು ಎಂದು ಸರ್ಕಾರ ಹಟ ಹಿಡಿದಾಗ, ತನ್ನ ಕೊಟ್ಟಿಗೆಯ ಸತ್ತ ದನ ಎಳೆಯುವವನನ್ನೇ ಹೆಗ್ಡೆಯವರು ನಿಲ್ಲಿಸಿ ಗೆಲ್ಲಿಸಿದ್ದರು. ಉಳಿದ ಮೆಂಬರುಗಳು ಒಳಗೆ ಬೆಂಚಿನ ಮೇಲೆ. ಬಚ್ಚ ಅಂಗಳದಲ್ಲಿ, ಅವರ ಚಪ್ಪಲಿಗಳ ಪಕ್ಕದಲ್ಲಿ. ಅವನ ಹೆಬ್ಬೆಟ್ಟು ಬೇಕಾದಾಗ ಸೆಕ್ರೆಟರಿ ಕೃಷ್ಣಯ್ಯ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದರು.

"ಒಡೇರೆ, ನಮ್ ಸಂಕದ್ ವಿಷ್ಯ ಒಂದ್..." ಬಚ್ಚ ಅಂಗಳದಿಂದಲೇ ಕೈ ಮುಗಿದ.

ಊರಂಚಿಗೆ ಹರಿಯುವ ತೋಡಿನ ಆಚೆ ಕೊರಗರ ಕೇರಿ. ಈಚೆ ಊರು, ರಸ್ತೆ, ಆಸ್ಪತ್ರೆಗೆ ಹೋಗುವ ಬಸ್ಸು. ನಡುವೆ ತಾಳೆಮರದ ದಿಮ್ಮಿಗಳನ್ನು ಜೋಡಿಸಿದ ಸಂಕ. ಊರಿನ ಸತ್ತ ದನಗಳನ್ನೆಲ್ಲ ಅದರ ಮೇಲೆಯೇ ಎಳೆದೆಳೆದು ದಿಮ್ಮಿಗಳು ಸವೆದು ಶಿಥಿಲವಾಗಿದ್ದವು.

"ಎಂತಾ ಸಂಕ ನಿಂದ್?"

"ಮಗಳ್ ಜಲಜ ಬಸ್ರಿ, ಒಡೇರೆ. ಗಂಡ ಘಟ್ಟದ್ ಮೇಲ್ ಕೂಲಿಗ್ ಹೋಯಿದ. ಮಳಿ ಹಿಡಿಯೂಕ್ ಮುಂಚೆ ಸಂಕ ಆಗ್ದಿದ್ರೆ ಆಸ್ಪತ್ರಿಗ್ ಹ್ಯಾಂಗ್ ದಾಟ್ಸೂದ್? ಸರ್ಕಾರದ್ ಕಲ್ಲ್ ಬಂದಿತ್ತಂಬ್ರಲೆ..."

ಬಂದದ್ದು ನಿಜ. ಸಂಕಕ್ಕೆಂದು ಬಂದ ಕಲ್ಲು, ಸಿಮೆಂಟು ಹೆಗ್ಡೆಯವರ ಹೊಸ ಮನೆಯ ಗೇಟಿನೆದುರು ಚರಂಡಿ ದಾಟುವ ಮೋರಿಯಾಗಿ ಏಳುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ. ಬೆಂಚಿನ ಮೇಲಿದ್ದವರಿಗೆಲ್ಲ ಅದು ಗೊತ್ತಿತ್ತು. ಬಾಯಲ್ಲಿ ಎಲೆಯಡಿಕೆ ಇತ್ತು, ಹಾಗಾಗಿ ಯಾರೂ ಮಾತಾಡಲಿಲ್ಲ.

"ಕೊರಗರ್ ಹೆಣ್ಣ್ ಹೆರೂಕೂ ಆಸ್ಪತ್ರಿ ಬೇಕಾ?" ಹೆಗ್ಡೆಯವರು ಒಳಗಿನವರತ್ತ ನೋಡಿ ಕಣ್ಣು ಮಿಟುಕಿಸಿದರು. "ನಿನ್ ಅಬ್ಬಿ ನಿನ್ನ ಎಲ್ ಹೆತ್ತದ್ದಾ? ಕಾಡ್ ಹಾಡಿಯಗಲ್ದಾ?"

ಬೆಂಚಿಗೆ ಬೆಂಚೇ ನಕ್ಕಿತು.

"ಮುಂದಿನ್ ಮೀಟಿಂಗಗೆ ಕಾಂಬ. ಈಗ್ ಹೋಯಿ ಎದ್ರಿನ್ ಗಟಾರ ಬಳಿ. ನಾತ ಬತ್ತಾ ಇತ್ತ್."

ಮೆಂಬರು ಬಚ್ಚ ಗಟಾರಕ್ಕಿಳಿದ.

ಮುಂದಿನ ಮೀಟಿಂಗಿನಲ್ಲೂ ಅದೇ ಮಾತು, ಅದರ ಮುಂದಿನದರಲ್ಲೂ ಅದೇ. ಆಸಾಡಿ ಮಳೆ ಯಾವ ಮೀಟಿಂಗಿಗೂ ಕಾಯಲಿಲ್ಲ. ಜಲಜಳಿಗೆ ನೋವು ಶುರುವಾದ ಬೆಳಿಗ್ಗೆಯೇ ತೋಡು ಉಕ್ಕಿ, ಸಂಕ ಮುರಿದು ತೇಲಿಹೋಯಿತು. ಮಗು ಅಡ್ಡ ತಿರುಗಿದೆ ಎಂದು ಬಚ್ಚನ ಹೆಂಡತಿ ಬಾಗಿಗೆ ಹೊಟ್ಟೆ ಮುಟ್ಟಿದೊಡನೆ ತಿಳಿಯಿತು. ಮಗಳನ್ನು ಕಂಬಳಿಯಲ್ಲಿ ಹೊತ್ತು ದಂಡೆಗೆ ತಂದರು. ಎದುರು ದಂಡೆಯಲ್ಲಿ ಹೆಗ್ಡೆಯವರ ದೋಣಿ ತೆಂಗಿನ ಬುಡಕ್ಕೆ ಕಟ್ಟಿತ್ತು. ಗದ್ದೆಗೆ ನೀರು ನುಗ್ಗಿದೆಯೇ ಎಂದು ನೋಡಲು ಬಂದ ಹೆಗ್ಡೆಯವರೂ ಕೊಡೆ ಹಿಡಿದು ಅಲ್ಲೇ ನಿಂತಿದ್ದರು.

"ಒಡೇರೆ! ದೋಣಿ ಬಿಡ್ಸಿ, ಒಡೇರೆ! ಮಗಳ್ ಸಾಯ್ತಾ ಇತ್ತ್!"

"ಹೆರೂ ಮೈಲಿಗೀನ ದೋಣಿಗ್ ಹತ್ಸೂಕಾತ್ತಾ? ಮರ್ಲಾ ನಿಂಗೆ? ನಾಳೆ ದೇವಸ್ಥಾನದ್ ಅಕ್ಕಿ ಅದ್ರಗೇ ಬಪ್ಪುದ್."

"ನಿಮ್ ಕಾಲಿಗ್ ಬೀಳ್ತೆ!"

"ಅಲ್ಲಿಂದ್ಲೇ ಬೀಳ್," ಎಂದು ಹೆಗ್ಡೆಯವರು ಕೊಡೆ ತಿರುಗಿಸಿ ನಡೆದರು.

ಬಚ್ಚ ನೀರಿಗೆ ಹಾರಿದ. ಅರ್ಧ ದಾಟುವಷ್ಟರಲ್ಲಿ ಸೆಳವು ಅವನನ್ನೆತ್ತಿ ಕೆಳಗಿನ ಮುಳ್ಳುಪೊದೆಗೆ ಒಗೆಯಿತು. ಮೈಯೆಲ್ಲ ಗೀರಿಸಿಕೊಂಡು ತನ್ನ ದಂಡೆಗೇ ಹತ್ತಿ ಬರುವಾಗ ಮಗಳ ಕೂಗು ನಿಂತಿತ್ತು. ಮಗುವಿನ ಒಂದು ಕೈ ಮಾತ್ರ ಹೊರಗೆ ಬಂದಿತ್ತು, ನೀಲಿಯಾಗಿ. ಬಾಗಿ ಆ ಕೈಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಬಚ್ಚನಿಗೆ ಅಳು ಬರಲಿಲ್ಲ. ಸಾವಿಗೆ ಬಡಿಯಬೇಕಾದ ಡೋಲನ್ನೂ ಅವನು ಮುಟ್ಟಲಿಲ್ಲ.

ಸೋಣಿ ತಿಂಗಳಿಗೆ ಮಳೆ ಕಡಿಮೆಯಾಯಿತು. ಹೆಗ್ಡೆಯವರ ಮೋರಿಗೆ ಬಾಳೆಕಂಬ, ಮಾವಿನ ತೋರಣ ಕಟ್ಟಿದರು. ಸರ್ಕಾರದ ಕಾಗದದಲ್ಲಿ ಅದೇ ಸಂಕ, ಅದರ ಉದ್ಘಾಟನೆಗೆ ಕುಂದಾಪುರದಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಅದೇ ಬೆಳಿಗ್ಗೆ ಹೆಗ್ಡೆಯವರ ಕಂಬಳದ ಕೋಣ ಹೊಟ್ಟೆ ಉಬ್ಬಿ ಕೊಟ್ಟಿಗೆಯಲ್ಲಿ ಕಾಲು ಚಾಚಿತು.

ಸತ್ತ ದನವನ್ನು ಕೊರಗರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ತೋಡು ದಾಟಿಸಿ ಆಚೆಯೇ ಸುಲಿಯಬೇಕು. ಈಚೆ ಇಟ್ಟರೆ ಊರಿಗೂ ನಾಗಬನಕ್ಕೂ ಮೈಲಿಗೆ. ಅದು ಅಜ್ಜಂದಿರ ಕಾಲದ ಕಟ್ಟುಪಾಡು. ಕೃಷ್ಣಯ್ಯ ಓಡೋಡಿ ದಂಡೆಗೆ ಬಂದು ಕೂಗು ಹಾಕಿದರು.

"ಹ್ವಾಯ್ ಬಚ್ಚಾ! ಮೆಂಬ್ರೇ! ಒಡೇರ್ ಕೋಣ ಸತ್ತಿತ್ತ್, ಬೇಗ್ ಬಾ ಮಾರಾಯಾ! ಡೋಲೂ ತಕಂಡ್ ಬಾ, ಅಧಿಕಾರಿ ಬತ್ತಾ ಇದ್ರ್!"

ಅವನನ್ನು ಯಾರಾದರೂ ಮೆಂಬ್ರೇ ಎಂದು ಕರೆದದ್ದು ಅದೇ ಮೊದಲು.

ಬಚ್ಚನೂ ಕೇರಿಯ ಗಂಡಸರೂ ಹಗ್ಗ, ಡೋಲುಗಳನ್ನು ತಲೆಯ ಮೇಲಿಟ್ಟು ಎದೆಮಟ್ಟದ ನೀರು ದಾಟಿ ಬಂದರು. ಕೋಣನ ಕಾಲಿಗೆ ಹಗ್ಗ ಬಿಗಿದು ಎಳೆದರು. ಅಂಗಳ ದಾಟಿತು, ಗೇಟು ದಾಟಿತು. ಮೋರಿಯ ನಟ್ಟನಡುವೆ, ತೋರಣದ ಅಡಿಯಲ್ಲಿ, ಬಚ್ಚ ಹಗ್ಗ ಬಿಟ್ಟ. ಉಳಿದವರೂ ಬಿಟ್ಟರು.

"ಎಂತಕಾ ನಿಂತದ್ದ್? ಎಳಿಯಾ!" ಹೆಗ್ಡೆಯವರು ಗೇಟಿನಿಂದ ಅರಚಿದರು.

"ಎಲ್ಲಿಗ್ ಎಳೂದ್, ಒಡೇರೆ? ಸಂಕ ಇಲ್ಯಲೆ."

"ನೀರಗೇ ಎಳ್ಕಂಡ್ ಹೋಗಾ, ಸೂಳೆಮಗನೆ!"

"ನೀರಗ್ ಬಿಟ್ರೆ ತೇಲ್ಕಂಡ್ ದೇವಸ್ಥಾನದ್ ಕಟ್ಟಕ್ ಹೋತ್ತ್. ಮೈಲಿಗಿ ಆತ್ತಿಲ್ಯಾ?"

ಹೆಗ್ಡೆಯವರ ಚಪ್ಪಲಿ ಹಾರಿಬಂದು ಬಚ್ಚನ ತುಟಿ ಒಡೆಯಿತು. ಅವನು ಕದಲಲಿಲ್ಲ. ಹೆಗ್ಡೆಯವರು ತಮ್ಮ ಗದ್ದೆಯ ಆಳುಗಳತ್ತ ತಿರುಗಿದರು. ಆಳುಗಳು ಹಿಂದಕ್ಕೆ ಸರಿದರು. ಹೆಣದನ ಮುಟ್ಟಿದವನು ಜಾತಿಯಿಂದ ಹೊರಗೆ ಎಂದು ಅವರಿಗೆ ಕಲಿಸಿದ್ದು ಹೆಗ್ಡೆಯವರ ಮನೆತನವೇ.

ದೂರದಲ್ಲಿ ಜೀಪಿನ ಹಾರ್ನು ಕೇಳಿಸಿತು. ಹೆಗ್ಡೆಯವರ ದನಿ ಇಳಿಯಿತು.

"ಬಚ್ಚಾ, ನಿನ್ ಸಂಕ ಮಾಡ್ಸ್ತೆ ಮಾರಾಯಾ. ಕಲ್ಲಿಂದೇ ಮಾಡ್ಸ್ತೆ. ಈಗ್ ಇದ್ನ ಎತ್ತ್."

ಬಚ್ಚ ಬಾಯಿಯ ರಕ್ತ ಉಗುಳಿದ. ಮೋರಿಯ ಹೊಸ ಕಟ್ಟೆಯ ಮೇಲೆ, ಅಧಿಕಾರಿಗೆಂದು ಹಾಸಿದ್ದ ಬಿಳಿ ಬಟ್ಟೆಯ ಮೇಲೆಯೇ, ಕಾಲು ಇಳಿಬಿಟ್ಟು ಕೂತ.

"ಮುಂದಿನ್ ಮೀಟಿಂಗಗೆ ಕಾಂಬ, ಒಡೇರೆ."

ಡೋಲನ್ನು ತೊಡೆಗೆ ಎಳೆದುಕೊಂಡು ಬಡಿಯತೊಡಗಿದ. ಜಲಜ ಸತ್ತ ದಿನ ಕೈ ಏಳದೆ ಹಾಗೇ ಉಳಿದಿದ್ದ ಸಾವಿನ ಪೆಟ್ಟು ಅದು. ಆಚೆ ದಂಡೆಯಿಂದ ಬಾಗಿ ನೀರಿಗಿಳಿದು ಬರುತ್ತಿದ್ದಳು. ಜೀಪು ಬಂದು ಕೋಣನ ಕೊಂಬಿನ ಹತ್ತಿರ ನಿಂತಿತು, ಒಳಗಿದ್ದವರು ಮೂಗು ಮುಚ್ಚಿಕೊಂಡರು. ಬಿಸಿಲೇರುತ್ತಿತ್ತು, ಕೋಣನ ಹೊಟ್ಟೆ ಇನ್ನೂ ಉಬ್ಬುತ್ತಲೇ ಇತ್ತು.