ಕಾಲು ಮೇಲಾದ ಡೈನೋಸಾರ್

ರಂಗಂಪೇಟೆಯ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್ ಕೆಲಸಕ್ಕೆ ನಿನ್ನೆ ನನ್ನ ಡೆಮೊ ಪಾಠವಿತ್ತು. ಬಿ.ಎಡ್. ಮುಗಿದ ಮೇಲೆ ಇದು ಮೂರನೆಯದು. ಮೊದಲೆರಡು ಕಡೆ ನನ್ನ ದನಿ ಎರಡನೇ ಬೆಂಚು ದಾಟಲಿಲ್ಲವೆಂದು ಬೇಡ ಅಂದಿದ್ದರು. ಅದಕ್ಕೇ ಈ ಸಲ ಬಾಯಿಗಿಂತ ಚಾರ್ಟನ್ನು ನಂಬಿದ್ದೆ. ಸಮುದ್ರದ ತಳದ ಕೆಸರು, ಅದರಲ್ಲಿ ಬೆನ್ನ ತುಂಬ ಎಲುಬಿನ ಕವಚ ಹೊತ್ತ ಡೈನೋಸಾರ್, ನಾಲ್ಕೂ ಕಾಲು ಮೇಲೆ. ಹೆಸರುಗಳನ್ನು ಮಕ್ಕಳಿಂದಲೇ ಬರೆಸೋಣವೆಂದು ಒಂದಕ್ಷರವನ್ನೂ ಬರೆದಿರಲಿಲ್ಲ.

ಹೆಡ್‌ಮಾಸ್ಟರ್ ಬಸವಲಿಂಗ ಸರ್ ಚಾರ್ಟು ಇಸಿದುಕೊಂಡು ತಾವೇ ಗೋಡೆಗೆ ಹಾಕಿದರು, ಕಾಲು ಕೆಳಗಾಗಿ.

"ಹೆದರಿ ಉಲ್ಟಾ ಹಿಡ್ದಿದ್ರಿ ಮೇಡಂ," ಎಂದು ಮೆಲ್ಲಗೆ ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತರು.

ಕೆಸರು ಈಗ ಆಕಾಶದಲ್ಲಿತ್ತು. ಅದು ಸರಿಯಾಗೇ ಇತ್ತು ಸರ್ ಅನ್ನುವುದನ್ನು ಬಿಟ್ಟು ಪಾಠ ಶುರು ಮಾಡಿದೆ. ಈ ಪ್ರಾಣಿ ನೆಲದ ಮೇಲೆ ಸೊಪ್ಪು ತಿಂದು ಬದುಕಿದ್ದು, ಕೆನಡಾದಲ್ಲಿ ಇದರ ಪಳೆಯುಳಿಕೆ ಸಿಕ್ಕಿದ್ದು ಮಾತ್ರ ಹಳೆಯ ಸಮುದ್ರದ ಕೆಸರಿನಲ್ಲಿ ಅಂದೆ.

"ನೆಲದ ಪ್ರಾಣಿ ಸಮುದ್ರಕ್ಕ ಹ್ಯಾಂಗ ಹೋಯ್ತ್ರಿ?" ಸರ್ ಕೇಳಿದರು.

ಉತ್ತರ ಗೊತ್ತಿತ್ತು, ಹೇಳಹೋದರೆ ದನಿ ಮತ್ತೆ ಎರಡನೇ ಬೆಂಚು ದಾಟಲಿಲ್ಲ. ಸರ್ ಕೈಯಲ್ಲಿದ್ದ ಹಾಳೆಯ ಮೇಲೆ ಏನೋ ಬರೆಯತೊಡಗಿದರು. ಈ ಕೆಲಸವೂ ಹೋಯಿತು ಅಂದುಕೊಂಡೆ.

ಹಾಜರಿ ಪುಸ್ತಕ ತಂದಿದ್ದ ಆಯಾ ಮಲ್ಲಾಬಾಯಿ ಬಾಗಿಲಲ್ಲೇ ನಿಂತಿದ್ದಳು.

"ಎಮ್ಮಿ ಹೋದಂಗ ಹೋಗಿರ್ತದ್ರಿ ಸರ್. ನಮ್ಮೂರು ತಿಂಥಣ್ಯಾಗ ಹೊಳಿ ಬಂದಾಗ ನೋಡ್ಬೇಕ್ರಿ. ಸತ್ತ ಎಮ್ಮಿ ಹೊಟ್ಟಿ ಉಬ್ಬಿ, ಕಾಲು ಮ್ಯಾಲ ಮಾಡ್ಕೊಂಡು ತೇಲಿ ಹೊಂಟಿರ್ತಾವ."

ಮಕ್ಕಳು ನಕ್ಕರು. ನನಗೂ ನಗು ಬಂತು, ಅದರೊಡನೆ ದನಿಯೂ. ಯಾರನ್ನೂ ಕೇಳದೆ ಚಾರ್ಟು ತೆಗೆದು ತಿರುಗಿಸಿ ಹಾಕಿದೆ. ಹೊಳೆಯಲ್ಲಿ ಹೆಣ ಉಬ್ಬಿದ್ದು, ಕವಚದ ಭಾರಕ್ಕೆ ಬೆನ್ನು ಕೆಳಗಾಗಿದ್ದು, ತೇಲುತ್ತ ಸಮುದ್ರ ಸೇರಿದ್ದು, ಹೊಟ್ಟೆ ಒಡೆದು ಹಾಗೇ ಅಂಗಾತ ಮುಳುಗಿದ್ದು, ಎಲ್ಲ ಹೇಳಿದೆ. ಕೊನೆಯ ಬೆಂಚಿನವರೂ ತಲೆಯಾಡಿಸುತ್ತಿದ್ದರು.

ಸರ್ ಎದ್ದು ಚಾರ್ಟಿನ ಹತ್ತಿರ ಬಂದರು.

"ಹಂಗಾರ ಉಲ್ಟಾ ಹಾಕ್ದಾವ ನಾನೇ ಅನ್ರಿ."

ನಾನು ಬಾಯಿ ತೆರೆಯುವ ಮೊದಲೇ ಮಲ್ಲಾಬಾಯಿ ಅಂದಳು, "ಹೌದ್ರಿ."

ಸೋಮವಾರದಿಂದಲೇ ಬರಲು ಹೇಳಿದರು. ಚಾರ್ಟು ಇಲ್ಲೇ ಇರಲಿ, ಮತ್ತೆ ಯಾರಾದರೂ ತಿರುಗಿಸಿಯಾರು, ಯಾವ ಕಡೆ ಮೇಲೆಂದು ಒಂದು ಬಾಣ ಬರೆದು ಹೋಗಿ ಅಂದರು.

ಬಾಣವನ್ನು ತುಸು ದಪ್ಪವಾಗಿಯೇ ಬರೆದೆ.